ಮಧ್ಯದ ಸ್ಪೀಕರ್ ಮತ್ತು ಸ್ಟೇಷನ್ ಮಾಸ್ಟರ್

ಮಾತು ಸ್ಪಷ್ಟವಾಗಿ ಕೇಳಿಸಬೇಕು ಎಂಬುದಷ್ಟೇ ನನ್ನ ಉದ್ದೇಶವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ!

ಎಂಬತ್ತರ ದಶಕದ ಕೊನೆ. ನಾವು ಮರಾಠಿ ಸೀಮೆಯ ಮುಲುಂಡಿನಲ್ಲಿದ್ದೆವು. ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲಿ ವಾರಕ್ಕೊಂದು ಭಾಷೆಯ ಸಿನಿಮಾ ಬರುತ್ತಿತ್ತು. ಎಲ್ಲ ಭಾಷೆ ಮುಗಿದು ಕನ್ನಡದ ಸರದಿ ಬರುವಷ್ಟರಲ್ಲಿ ಗೋಡೆಯ ಕ್ಯಾಲೆಂಡರ್ ತೆಳ್ಳಗಾಗಿರುತ್ತಿತ್ತು. ಆ ಸಲ ಒಂದು ಹಳೆಯ ಕಪ್ಪು ಬಿಳುಪು ಚಿತ್ರ ಎಂಬ ಸುದ್ದಿ ಕೇಳಿದ್ದೇ ತಡ, ಕೆಳಗಿನ ಮನೆಯ ನಂಜಮ್ಮಜ್ಜಿ ಎರಡು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು.

"ಅದರಲ್ಲಿ ನಮ್ಮ ಯಜಮಾನ್ರಿದಾರೆ ಕಣಪ್ಪ!"

ಮೈಸೂರಿನಲ್ಲಿ ಗುಮಾಸ್ತರಾಗಿದ್ದ ಅವರ ಯಜಮಾನರಿಗೆ ನಾಟಕದ ಹುಚ್ಚು. ಆ ಸಿನಿಮಾದಲ್ಲಿ ಸ್ಟೇಷನ್ ಮಾಸ್ಟರ್ ಪಾತ್ರ ಸಿಕ್ಕಿತ್ತು. ಮಾತು ಒಂದೇ ಒಂದು. ಅವರು ತೀರಿಕೊಂಡು ಹನ್ನೆರಡು ವರ್ಷ.

"ಮುಖ ಫೋಟೋದಲ್ಲಿದೆ. ದನಿ ಮಾತ್ರ ಮರೀತಾ ಇದೆ. ಒಂದ್ಸಲ ಕೇಳಿಬಿಟ್ರೆ ಸಾಕು," ಅಂದರು ಅಜ್ಜಿ. ಅವರ ಸೊಸೆ ಮರಾಠಿಯವಳು, ಮೊಮ್ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೇ. ಹಾಗಾಗಿ ನಮ್ಮ ಮನೆಯಲ್ಲೇ ನೋಡುವ ಆಸೆ.

ಅಜ್ಜಿಗೆ ಕಿವಿ ಸ್ವಲ್ಪ ಮಂದ. ನನಗೋ ಪರೋಪಕಾರದ ಹುಮ್ಮಸ್ಸು. ಸಿನಿಮಾದ ಮಾತೆಲ್ಲ ಪರದೆಯ ಮಧ್ಯದ ಸ್ಪೀಕರಿನಿಂದ ಬಂದರೆ ಎದೆಗೆ ನಾಟುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಲ್ಯಾಮಿಂಗ್ಟನ್ ರೋಡಿನ ರೇಡಿಯೊ ಅಂಗಡಿಯಿಂದ ಒಂದು ಸ್ಪೀಕರನ್ನೂ ಸದ್ದು ಹೆಚ್ಚಿಸುವ ಆಂಪ್ಲಿಫೈಯರನ್ನೂ ತಂದು, ಸ್ಪೀಕರನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಟಿ.ವಿ.ಯ ಕೆಳಗೆ ಪ್ರತಿಷ್ಠಾಪಿಸಿದೆ. ಟಿ.ವಿ.ಯ ಸ್ವಂತ ಸ್ಪೀಕರಿನ ವೈರನ್ನು ಕತ್ತರಿಸಿ, ಆಂಪ್ಲಿಫೈಯರಿನ ಮೂಲಕ ಈ ಪೆಟ್ಟಿಗೆಗೆ ಜೋಡಿಸಿದೆ. ಒಂದು ಮನೆಗೆ ಎರಡು ಬಾಯಿ ಯಾಕೆ?

"ಚೆನ್ನಾಗಿರೋದನ್ನ ಯಾಕ್ರೀ ಕತ್ತರಿಸ್ತೀರಾ?" ಎಂದಳು ನನ್ನ ಹೆಂಡತಿ ವಿಮಲಾ.

"ವಿಜ್ಞಾನ ನಿನಗೆ ಅರ್ಥವಾಗೋದಿಲ್ಲ," ಎಂದೆ. ಆ ಮಾತನ್ನು ಅವಳು ಇವತ್ತಿಗೂ ಮರೆತಿಲ್ಲ.

ಭಾನುವಾರ ಅಜ್ಜಿ ರೇಷ್ಮೆ ಸೀರೆ ಉಟ್ಟು, ಮದುವೆಗೆ ಬಂದವರ ಹಾಗೆ ಬಂದು ಕೂತರು. ಸಿನಿಮಾಕ್ಕೆ ಮುಂಚೆ ಕಿವುಡರಿಗಾಗಿ ವಾರ್ತೆ. ಅದರಲ್ಲೇ ಪರೀಕ್ಷೆ ಮಾಡೋಣವೆಂದು ಟಿ.ವಿ.ಯ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ವಾರ್ತೆ ಓದುವವರು ಬಾಯಿ ತುಂಬ ಅವಲಕ್ಕಿ ತುಂಬಿಕೊಂಡವರಂತೆ ಗೊಳಗೊಳ ಅಂದರು.

"ಸೌಂಡ್ ಸ್ವಲ್ಪ ಕಮ್ಮಿ ಮಾಡ್ರೀ," ಎಂದಳು ವಿಮಲಾ.

"ಅಜ್ಜಿಗೆ ಕೇಳಿಸಬೇಡವೇ? ಇದು ಕಿವುಡರ ವಾರ್ತೆ, ಸ್ಪಷ್ಟವಾಗಿರಲೇಬೇಕು ಅಂತೇನಿಲ್ಲ," ಎಂದು ಸಮಾಧಾನ ಹೇಳಿದೆ.

ಸಿನಿಮಾ ಶುರುವಾಯಿತು. ನಾಯಕಿಯೂ ಗೊಳಗೊಳ, ಅವಳ ಅತ್ತೆಯೂ ಗೊಳಗೊಳ! ಪೆಟ್ಟಿಗೆ ನೆಲಕ್ಕೆ ತಾಗಿ ಅದುರುತ್ತಿದೆ ಎಂದು ತೀರ್ಮಾನಿಸಿ ಕೆಳಗೆ ದಿಂಬಿಟ್ಟೆ. ಪ್ರಯೋಜನವಾಗಲಿಲ್ಲ. ಪೆಟ್ಟಿಗೆ ಟೊಳ್ಳಾಗಿದೆ ಎಂದು ಆ ದಿಂಬನ್ನೇ ಬಿಚ್ಚಿ ಹತ್ತಿಯನ್ನು ಒಳಗೆ ತುರುಕಿದೆ. ಈಗ ಅತ್ತೆ ರಜಾಯಿ ಹೊದ್ದುಕೊಂಡು ಬೈಯುತ್ತಿದ್ದಳು. ಮನೆ ತುಂಬ ಹತ್ತಿ ಹಾರಾಡಿತು.

"ರೀ, ಸೌಂಡ್..."

"ಸುಮ್ಮನಿರು!"

ಗಲಾಟೆ ಕೇಳಿ ಪಕ್ಕದ ಮನೆಯ ಶೆಟ್ಟರು ಬಂದರು. ಭಾಂಡುಪಿನ ಹೋಟೆಲೊಂದರ ಮ್ಯಾನೇಜರು. ಬಾಗಿಲಲ್ಲೇ ನಿಂತು ರೋಗ ಪತ್ತೆ ಮಾಡಿದರು. "ಇದು ಆಂಟೆನ್ನಾದ ಪ್ರಾಬ್ಲಮ್ ಮಾರಾಯ್ರೆ, ಬೇರೆ ಎಂತದೂ ಇಲ್ಲ. ಟೆರೇಸಿಗೆ ಬನ್ನಿ."

ಟೆರೇಸಿಗೆ ಓಡಿದೆವು. ಶೆಟ್ಟರು ಆಂಟೆನ್ನಾವನ್ನು ಪವಾಯಿ ಕಡೆಗೆ ತಿರುಗಿಸಿದರು. ನಾನು ಕೆಳಕ್ಕೆ ಬಗ್ಗಿ ಕೂಗಿದೆ. "ಬಂತಾ?"

"ಇದ್ದದ್ದೂ ಹೋಯ್ತು!" ಎಂದಳು ವಿಮಲಾ ಕಿಟಕಿಯಿಂದ.

ಅದನ್ನು ಮೊದಲಿನ ದಿಕ್ಕಿಗೆ ತರಲು ಕಾಲು ಗಂಟೆ ಹಿಡಿಯಿತು. ಇಳಿದು ಬಂದಾಗ ಅಜ್ಜಿ ಕುರ್ಚಿಯ ತುದಿಗೆ ಸರಿದಿದ್ದರು. "ಇನ್ನೇನು ಸ್ಟೇಷನ್ ಬರತ್ತೆ. ಏನಾದ್ರೂ ಮಾಡಪ್ಪ, ಬೇಗ."

ಸುಮ್ಮನಿದ್ದಿದ್ದರೆ ಗೊಳಗೊಳವಾದರೂ ಕೇಳಿಸುತ್ತಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ. ಸ್ಪೀಕರಿನ ವೈರುಗಳು ಅದಲುಬದಲಾಗಿರಬೇಕು ಎಂದು ಹೊಳೆಯಿತು. ಎರಡನ್ನೂ ಕಿತ್ತೆ.

ಮನೆ ನಿಶ್ಶಬ್ದವಾಯಿತು. ಅದೇ ಗಳಿಗೆಯಲ್ಲಿ ಪರದೆಯ ಮೇಲೆ ಕರಿ ಕೋಟು ತೊಟ್ಟ ಸಣಕಲು ಮನುಷ್ಯರೊಬ್ಬರು, ಕೈಯಲ್ಲಿ ಹಸಿರು ಬಾವುಟ ಹಿಡಿದು, ನಾಯಕಿಯತ್ತ ತಿರುಗಿದರು. ತುಟಿ ಅಲುಗಿತು. ನಾನು ಒಂದೊಂದು ಕೈಯಲ್ಲಿ ಒಂದೊಂದು ವೈರು ಹಿಡಿದು ನಿಂತಿದ್ದೆ.

"ಗಾಡಿ ಹೋಗ್ಬಿಡ್ತು ತಾಯಿ, ಇನ್ನು ನಾಳೆಗೇ," ಎಂದರು ಅಜ್ಜಿ. ಯಜಮಾನರ ತುಟಿಗೆ ಸರಿಯಾಗಿ, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಅಷ್ಟೇ. ಸ್ಟೇಷನ್ ಮಾಸ್ಟರ್ ಹೋದರು, ಹೊಲ ಬಂತು, ಎತ್ತಿನ ಗಾಡಿ ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ವೈರುಗಳನ್ನು ಮತ್ತೆ ಸೇರಿಸಿದೆ. ವಿಮಲಾ ಎದ್ದಳು, ಟಿ.ವಿ.ಯ ಗುಂಡಿಯನ್ನು ಅರ್ಧಕ್ಕೆ ಇಳಿಸಿದಳು. ಗಾಡಿ ಹೊಡೆಯುವವನು ಎತ್ತುಗಳಿಗೆ ಹೇಳಿದ್ದು ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಎತ್ತಿನ ಕೊರಳ ಗೆಜ್ಜೆಯೂ ಕೇಳಿಸಿತು! ಟಿ.ವಿ.ಯ ಸದ್ದು ವಿಪರೀತವಾಗಿ ಆಂಪ್ಲಿಫೈಯರಿಗೆ ಉಸಿರುಕಟ್ಟಿತ್ತು. ಅಷ್ಟೇ ರೋಗ.

"ತಪ್ಪಾಯ್ತು ಅಜ್ಜಿ," ಎಂದೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಕ್ಕರು. "ಇರಲಿ ಬಿಡಪ್ಪ. ಮನೇಲೂ ಹೀಗೇ. ಅವರು ಬಾಯಿ ತೆಗೆಯೋರು, ಮಾತು ನಾನೇ ಆಡ್ತಿದ್ದೆ."

ಎಲ್ಲರೂ ನಕ್ಕೆವು. ಆದರೂ, ಹನ್ನೆರಡು ವರ್ಷ ಕಾದು ಬಂದ ದನಿಯನ್ನು ನಾನು ಕೈಯಾರೆ ಕಿತ್ತು ಹಿಡಿದುಕೊಂಡಿದ್ದೆ. ಇದಕ್ಕೆ ಯಾವ ಪತ್ರಿಕೆಯಲ್ಲೂ ರಿಪೇರಿ ಬರೆದಿರಲಿಲ್ಲ.

ಮೆಟ್ಟಿಲಿಳಿಯುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದರು. "ಇನ್ನೊಂದ್ಸಲ ಹಾಕ್ತಾರೇನಪ್ಪ?"

"ಹಾಕೇ ಹಾಕ್ತಾರೆ ಅಜ್ಜಿ."

"ಹಾಕಿದ್ರೆ ಆವತ್ತು ನೀನು ಆಫೀಸಿಗೆ ಹೋಗಿಬಿಡು. ಭಾನುವಾರ ಆದ್ರೂ ಪರವಾಗಿಲ್ಲ."

ಆ ಚಿತ್ರ ಮತ್ತೆ ಬರಲಿಲ್ಲ. ಆದರೂ ಅಜ್ಜಿ ಇರುವವರೆಗೂ, ಕನ್ನಡದ ಸರದಿ ಬಂದಾಗಲೆಲ್ಲ ಅವರನ್ನು ಟಿ.ವಿ.ಯ ಮುಂದೆ ಕೂರಿಸಿ, ಗುಂಡಿಯನ್ನು ವಿಮಲಾಳಿಗೆ ಒಪ್ಪಿಸಿ, ನಾನು ಮನೆ ಬಿಡುತ್ತಿದ್ದೆ. ಮುಲುಂಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಹೋಗುವ ಲೋಕಲ್ ರೈಲುಗಳನ್ನು ಮೂರು ಗಂಟೆ ನೋಡಿ, ಸಿನಿಮಾ ಮುಗಿದ ಮೇಲೆ ಮನೆಗೆ ಬರುತ್ತಿದ್ದೆ.