ಬಾಗೇವಾಡಿ ಹುಡುಗಿಯ ಹಡಗಿನ ಸರ್ಟಿಫಿಕೇಟುಗಳು

ಹಡಗಿನಲ್ಲಿ ಕೆಲಸ ಮಾಡುತ್ತೇನೆ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ನಮ್ಮ ಕಡೆ ಬಸ್ಸಿನಲ್ಲಾಗಲಿ ಮದುವೆ ಮನೆಯಲ್ಲಾಗಲಿ ನಗುವ ಪ್ರಸಂಗವೊಂದು ತಾನಾಗಿಯೇ ಬಂದು ಪಕ್ಕದಲ್ಲಿ ಕೂರುತ್ತದೆ.

ನಾನು ಬಸವನ ಬಾಗೇವಾಡಿಯವಳು. ಅಪ್ಪನದು ಅಲ್ಲೊಂದು ಬಟ್ಟೆ ಅಂಗಡಿ. ಅವ್ವನ ತವರು ಮುದ್ದೇಬಿಹಾಳ ತಾಲೂಕಿನ ತಂಗಡಗಿ. ಗಂಡನ ಮನೆ ಇಂಡಿ ತಾಲೂಕಿನ ಅಗರಖೇಡ. ಈ ಮೂರರಲ್ಲಿ ಯಾವ ಊರಿನಿಂದ ಹೊರಟರೂ ಸಮುದ್ರ ಕಾಣಬೇಕಾದರೆ ರಾತ್ರಿ ಬಸ್ಸು ಹತ್ತಬೇಕು. ಆದರೂ ಇವತ್ತು ನಾನು ಒಂದು ಸರಕು ಹಡಗಿನ ಕ್ಯಾಪ್ಟನ್. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಹಡಗು ನಡೆಸುವುದೇನೋ ಕಲಿತರೆ ಬರುತ್ತದೆ. ಅದನ್ನು ನಡೆಸಲು ಬೇಕಾದ ಸರ್ಟಿಫಿಕೇಟುಗಳನ್ನು ಪಡೆಯುವುದೇ ದೊಡ್ಡ ಪ್ರಯಾಣ. ಕಣ್ಣು ಸರಿಯಿದೆ ಎನ್ನುವುದಕ್ಕೊಂದು, ನೀರಿಗೆ ಬಿದ್ದರೆ ಬದುಕುತ್ತಾಳೆ ಎನ್ನುವುದಕ್ಕೊಂದು, ಬೆಂಕಿ ಆರಿಸಬಲ್ಲಳು ಎನ್ನುವುದಕ್ಕೊಂದು. ಅವೆಲ್ಲವನ್ನೂ ನಗುತ್ತಲೇ ಗಳಿಸಿದ್ದೇನೆ, ಅಥವಾ ನಗಿಸುತ್ತ.

ಹಸಿರು ಸೀರೆ

ಹಡಗು ನಡೆಸುವವರಿಗೆ ಬಣ್ಣ ಗುರುತಿಸುವ ಕಣ್ಣು ಬೇಕೇ ಬೇಕು. ಎದುರಿನ ಹಡಗಿನ ಕೆಂಪು ದೀಪ ಯಾವುದು, ಹಸಿರು ದೀಪ ಯಾವುದು ಎಂದು ತಿಳಿಯದಿದ್ದರೆ ಮುಗಿಯಿತು, ಕೋರ್ಸಿಗೇ ಸೇರಿಸಿಕೊಳ್ಳುವುದಿಲ್ಲ. ಅರ್ಜಿ ಹಾಕುವ ಮೊದಲು ನೋಡಿಸಿಬಿಡೋಣ ಎಂದು ಅಪ್ಪ ನನ್ನನ್ನು ಸಿಂದಗಿಯಲ್ಲಿದ್ದ ತನ್ನ ಪರಿಚಯದ ಕಣ್ಣಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋದ.

ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆಗೆದರು. ಚುಕ್ಕಿಗಳ ನಡುವೆ ಅಡಗಿರುವ ಅಂಕಿಯನ್ನು ಓದಬೇಕು. ನಾನು ಓದುತ್ತ ಹೋದೆ. ಹಿಂದೆ ಕೂತಿದ್ದ ಅಪ್ಪ ತಡೆಯಲಾರದೆ ಹೇಳಿದ: "ಡಾಕ್ಟರ್ರ, ಈ ಹುಡುಗಿ ಸುಳ್ಳ ಸುಳ್ಳ ಅಂಕಿ ಹೇಳಾಕತ್ತೈತಿ. ಅಲ್ಲಿ ಬರೇ ಚುಕ್ಕಿ ಅದಾವಲ್ರಿ."

ಡಾಕ್ಟರು ಪುಸ್ತಕವನ್ನು ಅಪ್ಪನ ಕಡೆ ತಿರುಗಿಸಿದರು. ಒಂದು ಪುಟ, ಇನ್ನೊಂದು ಪುಟ. ಅಪ್ಪನಿಗೆ ಬರೀ ಚುಕ್ಕಿಗಳೇ. "ನಿಮ್ಮ ಮಗಳ ಕಣ್ಣು ಬಂಗಾರದಂಗ ಅದಾವು. ಕೆಂಪು ಹಸರು ಗೊತ್ತಾಗದೇ ಇರೂದು ನಿಮಗ" ಎಂದರು ಡಾಕ್ಟರು.

ಇಷ್ಟು ವರ್ಷ ಬಟ್ಟೆ ಮಾರಿದ ಮನುಷ್ಯ. ಬಾಗೇವಾಡಿಯಲ್ಲಿ ಅಪ್ಪನಿಗೆ ಭಾರೀ ಸೌಜನ್ಯದ ವ್ಯಾಪಾರಿ ಎಂದು ಹೆಸರಿತ್ತು. ಯಾರ ಮೇಲೂ ಯಾವ ಬಣ್ಣವನ್ನೂ ಹೇರುತ್ತಿರಲಿಲ್ಲ. "ನಿಮ್ಮ ಕಣ್ಣಿಗಿ ಯಾವ್ದ ಚಂದ ಕಾಣತೈತಿ ಅದನ್ನ ತಗೋರಿ" ಎನ್ನುತ್ತಿದ್ದ. ಆ ಸೌಜನ್ಯದ ಮೂಲ ಆವತ್ತು ತಿಳಿಯಿತು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆವು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಪ್ಪನನ್ನು ಬಹಳ ಹೊತ್ತು ನೋಡಿದಳು. "ಮದುವಿ ಆದಾಗಿಂದ ಹಸರ ಸೀರಿ ಕೇಳಿದ್ರ ಕಂದು ಸೀರಿ ತರತಿದ್ರಿ. ನಾ ಅದು ನಿಮ್ಮ ಅವ್ವ ಹೇಳಿ ಮಾಡಸತಾಳ ಅಂತ ಇಷ್ಟ ವರ್ಷ ಆಕಿನ್ನ ಬೈಕೋತ ಕುಂತಿದ್ನೆಲ್ಲ."

ತಂಗಡಗಿಯ ಜಿಗಿತ

ನೀರಿಗೆ ಬಿದ್ದಾಗ ಜೀವ ಉಳಿಸಿಕೊಳ್ಳುವ ಕೋರ್ಸು ಎಂದೊಂದಿದೆ. ಅದು ಪಾಸಾಗದೆ ಹಡಗಿನ ಮೆಟ್ಟಿಲು ಕೂಡ ಹತ್ತಿಸುವುದಿಲ್ಲ. ಲೈಫ್‌ಜಾಕೆಟ್ ಹಾಕಿಕೊಂಡು ಎತ್ತರದ ಹಲಗೆಯಿಂದ ಈಜುಕೊಳಕ್ಕೆ ಜಿಗಿಯಬೇಕು, ಆಮೇಲೆ ಬೋರಲಾಗಿ ಬಿದ್ದಿರುವ ರಬ್ಬರ್ ತೆಪ್ಪವನ್ನು ಮಗುಚಿ ನೆಟ್ಟಗೆ ಮಾಡಿ ಹತ್ತಬೇಕು.

ನಮಗೆ ಕಲಿಸುತ್ತಿದ್ದವರು ನಿವೃತ್ತ ನೌಕಾ ಅಧಿಕಾರಿ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಮೊದಲ ದಿನವೇ ಯಾರ ಊರು ಯಾವುದೆಂದು ಕೇಳಿದರು. ನಾನು ಹೇಳಿದೆ. ಅವರು ಗೋಡೆಯ ನಕ್ಷೆಯಲ್ಲಿ ಬಾಗೇವಾಡಿಯನ್ನು ಹುಡುಕಿ, ಅಲ್ಲಿಂದ ಸಮುದ್ರದವರೆಗೆ ಬೆರಳು ಎಳೆದು, "ನೀನು ಮೊದಲು ಜಿಗಿಯಬೇಡಮ್ಮ. ಕರಾವಳಿಯ ಹುಡುಗರು ತೋರಿಸಲಿ, ನೀನು ನೋಡಿ ಕಲಿ" ಎಂದರು.

ಕರಾವಳಿಯ ಹುಡುಗರಿಬ್ಬರು ಹಲಗೆಯ ತುದಿಗೆ ಹೋಗಿ ಕೆಳಗೆ ನೋಡಿದರು, ಮತ್ತೆ ಹಿಂದಕ್ಕೆ ಬಂದರು. "ನಮ್ಮ ಮನೆ ಸಮುದ್ರದ ಪಕ್ಕ ಇದೆ ಸಾರ್, ಆದರೆ ನಾವು ಯಾವತ್ತೂ ಇಳಿದಿಲ್ಲ" ಎಂದ ಒಬ್ಬ.

ನಾನು ಬೆಳೆದದ್ದು ಬಾಗೇವಾಡಿಯಲ್ಲಾದರೂ ರಜೆಯೆಲ್ಲ ತಂಗಡಗಿಯಲ್ಲಿ. ಅಲ್ಲಿ ನನ್ನ ಸೋದರಮಾವ ಬೆನ್ನಿಗೆ ಒಣಗಿದ ಕುಂಬಳಕಾಯಿ ಬುರುಡೆ ಕಟ್ಟಿ ಕೃಷ್ಣಾ ನದಿಗೆ ನೂಕಿ ಈಜು ಕಲಿಸಿದ್ದ. ಹಲಗೆ ಹತ್ತಿದೆ. ಮೂಗು ಹಿಡಿದು, ಕಾಲು ಜೋಡಿಸಿ, ಕಂಬದ ಹಾಗೆ ನೆಟ್ಟಗೆ ಇಳಿಯಬೇಕೆಂದು ಅಧಿಕಾರಿ ಹೇಳಿಕೊಟ್ಟಿದ್ದರು. ಆದರೆ ನೀರು ಕಂಡ ಕೂಡಲೇ ದೇಹಕ್ಕೆ ತಂಗಡಗಿ ನೆನಪಾಯಿತು. ಮೊಣಕಾಲು ಎದೆಗೆ ಅವುಚಿ, ಮುದ್ದೆಯಾಗಿ ಧಪ್ಪನೆ ಬಿದ್ದೆ. ಎದ್ದ ನೀರು ನೇರವಾಗಿ ಆ ಬಿಳಿ ಅಂಗಿಯ ಮೇಲೆ.

ಕಣ್ಣು ಬಿಟ್ಟು ನೋಡಿದರೆ ಅವರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬೈಗುಳ ಬೀಳುವ ಮೊದಲೇ ಈಜಿ ಹೋಗಿ ತೆಪ್ಪವನ್ನು ಒಂದೇ ಎಳೆತಕ್ಕೆ ಮಗುಚಿ ಮೇಲೆ ಹತ್ತಿ ಕೂತೆ. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡು ಹೇಳಿದರು: "ನೀನು ಪಾಸು. ಆದರೆ ಇದು ನಿನ್ನ ಜೀವ ಉಳಿಸಿಕೊಳ್ಳುವ ಕೋರ್ಸು ತಾಯಿ, ನನ್ನ ಜೀವ ತೆಗೆಯುವುದಲ್ಲ."

ಎರಡು ಕೆಂಪು ದೀಪ

ಸೆಕೆಂಡ್ ಮೇಟ್ ಎಂದರೆ ಹಡಗಿನ ಅಧಿಕಾರಿಯಾಗುವ ಮೊದಲ ದೊಡ್ಡ ಸರ್ಟಿಫಿಕೇಟು. ಅದಕ್ಕೆ ಬರೆಯುವ ಪರೀಕ್ಷೆಗಿಂತ ಬಾಯಿ ಪರೀಕ್ಷೆಯ ಹೆದರಿಕೆ ಹೆಚ್ಚು. ಪರೀಕ್ಷಕರು ಒಬ್ಬರೇ, ಎದುರು ನಾವೊಬ್ಬರೇ. ಇರುಳಿನಲ್ಲಿ ಹಡಗುಗಳು ಹಾಕುವ ದೀಪಗಳ ಬಗ್ಗೆ ಒಂದು ಉತ್ತರ ತಪ್ಪಿದರೂ ಹೊರಗೆ ಕಳಿಸುತ್ತಾರೆ. ಎಷ್ಟೋ ಜಾಣರು ಎರಡು ಮೂರು ಸಲ ಬಂದು ಹೋದವರಿದ್ದರು.

ಇಂಗ್ಲಿಷಿನಲ್ಲಿ ಆ ದೀಪಗಳು ನನಗೆ ಕಲಸಿಹೋಗುತ್ತಿದ್ದವು. ಹೀಗಾಗಿ ನಮ್ಮ ಮಾತಿನಲ್ಲೇ ಪ್ರಾಸ ಕಟ್ಟಿಕೊಂಡಿದ್ದೆ. ಪರೀಕ್ಷಕರು ಮೇಜಿನ ಮೇಲೆ ಪುಟ್ಟ ಮಾದರಿ ದೀಪಗಳನ್ನು ಇಟ್ಟು ಇಂಗ್ಲಿಷಿನಲ್ಲಿ ಕೇಳಿದರು: "ಮೇಲೆ ಕೆಂಪು, ಕೆಳಗೆ ಬಿಳಿ. ಏನಿದು?"

ನಾನು ತುಟಿಯಲ್ಲೇ ಗುನುಗಿ ಉತ್ತರ ಕೊಟ್ಟೆ: "ಮೀನು ಹಿಡಿಯುವ ದೋಣಿ ಸಾರ್."

"ಒಂದರ ಮೇಲೊಂದು ಎರಡು ಕೆಂಪು?"

ಮತ್ತೆ ಗುನುಗಿದೆ. "ಹಿಡಿತ ತಪ್ಪಿದ ಹಡಗು ಸಾರ್. ದೂರ ಸರಿಯಬೇಕು."

ಅವರು ಕನ್ನಡಕ ಇಳಿಸಿದರು. "ಉತ್ತರ ಸರಿ. ಆದರೆ ಪ್ರತಿ ಸಲ ಮೊದಲು ಅದೇನು ಮಂತ್ರ ಹೇಳುತ್ತೀ?"

ಮುಗಿಯಿತು ಎಂದುಕೊಂಡೆ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಹೇಳಿಬಿಟ್ಟೆ:

"ಕೆಂಪಿನ ಕೆಳಗ ಬಿಳಿ, ಮೀನಗಾರನ ಬಲಿ. ಹಸರಿನ ಕೆಳಗ ಬಿಳಿ, ಬಲಿ ಎಳಕೊಂಡ ಹೊಂಟಾನ ತಿಳಿ. ಎರಡ ಕೆಂಪ ದೀಪ, ಹತ್ತರ ಹೋಗಬ್ಯಾಡೊ ಪಾಪ."

ಅವರಿಗೆ ಕನ್ನಡ ಬರುತ್ತಿರಲಿಲ್ಲ. ಬಲಿ ಎಂದರೆ ಬಲೆ ಎನ್ನುವುದರಿಂದ ಹಿಡಿದು ಒಂದೊಂದರ ಅರ್ಥವನ್ನೂ ಕೇಳಿ ತಿಳಿದುಕೊಂಡರು. ಕೊನೆಯದನ್ನು ಎರಡನೇ ಸಲ ಹೇಳಿಸಿದರು. ಆಮೇಲೆ ನಗದೆ, ಗಂಭೀರವಾಗಿಯೇ, ಪಾಸು ಎಂದರು. ನಾನು ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ.

ನನ್ನ ನಂತರ ಒಳಗೆ ಹೋದವನು ಹರಿಯಾಣದ ಹುಡುಗ. ಬಹಳ ಓದಿಕೊಂಡವನು. ಅರ್ಧ ಗಂಟೆಯ ಮೇಲೆ ಮುಖ ಒಣಗಿಸಿಕೊಂಡು ಬಂದು ನನ್ನ ಪಕ್ಕ ಕೂತ. "ಪಾಸೇನೋ ಆದೆ. ಆದರೆ ಎರಡು ಕೆಂಪು ದೀಪಕ್ಕೆ ನಾನು ಸರಿಯಾದ ಉತ್ತರ ಕೊಟ್ಟ ಮೇಲೂ ಅವರು, 'ಅಷ್ಟೇನಾ? ಹಾಡು ಬರುವುದಿಲ್ಲವಾ?' ಅಂದರು. ಯಾವ ಪುಸ್ತಕದಲ್ಲಿದೆ ಅದು?"

ಮೇಟ್ ನೋಡಲು ಬಂದವರು

ಸೆಕೆಂಡ್ ಮೇಟ್ ಆಗಿ ಮೊದಲ ಹಡಗು ಮುಗಿಸಿ ಬಂದಾಗ ಅಗರಖೇಡದಿಂದ ಹೆಣ್ಣು ನೋಡಲು ಬಂದರು. ಹುಡುಗ ಇಂಡಿಯಲ್ಲಿ ಹೈಸ್ಕೂಲು ಮಾಸ್ತರ. ಜೊತೆಗೆ ಅವನ ಅವ್ವ ಮತ್ತು ಕಾಕಾ. ನನ್ನ ಕೆಲಸ ಬಿಡಿಸುತ್ತಾರೋ ಏನೋ ಎಂಬ ಆತಂಕ ನನಗಿದ್ದೇ ಇತ್ತು.

ಅವಲಕ್ಕಿ, ಚಹಾ ಆದ ಮೇಲೆ ಕಾಕಾ ಶುರು ಮಾಡಿದ. "ಏನ್ ಕೆಲಸವ್ವಾ ನಿಂದು?"

"ನಾ ಸೆಕೆಂಡ್ ಮೇಟ್ ಅದೇನ್ರಿ."

"ಮೇಟ್ ಅಂದ್ರ ಗೊತ್ತೈತಿ ಬಿಡು. ನಮ್ಮೂರಾಗೂ ಒಬ್ಬಾಕಿ ಅದಾಳ, ಉದ್ಯೋಗ ಖಾತ್ರ್ಯಾಗ. ಮಂದಿ ಹಾಜರಿ ಹಾಕತಾಳ, ಕೆರಿ ಹೂಳ ತೆಗಸತಾಳ. ಆದ್ರ ಆಕಿ ಒಬ್ಬಾಕೀನ ಮೇಟ್. ನೀ ಇಷ್ಟ ಕಲ್ತು ಸೆಕೆಂಡ್ ಯಾಕಾದಿ?"

ಅಪ್ಪ ಕೆಮ್ಮಿದ. ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಮೇಲೆ ಕ್ಯಾಪ್ಟನ್, ಆಮೇಲೆ ಚೀಫ್ ಮೇಟ್, ಆಮೇಲೆ ನಾನು. ಹಗಲು ನಾಲ್ಕು ತಾಸು, ಇರುಳು ನಾಲ್ಕು ತಾಸು ನನ್ನ ವಾಚ್, ಅಂದರೆ ಪಾಳಿ.

"ವಾಚ್‌ಮನ್" ಎಂದ ಕಾಕಾ, ಈಗ ಎಲ್ಲ ತಿಳಿಯಿತೆಂಬಂತೆ. "ನೈಟ್ ಡ್ಯೂಟಿ."

ಹುಡುಗನ ಅವ್ವ ಸೆರಗು ಸರಿಮಾಡಿಕೊಂಡು ಕೇಳಿದರು. "ಎಷ್ಟ ದೊಡ್ಡದ ಇರತೈತವ್ವಾ ಹಡಗ?"

"ನಿಮ್ಮೂರ ಬಸ್‌ಸ್ಟ್ಯಾಂಡಿನಿಂದ ಸಾಲಿ ತನಕ ಇರಬಹುದ್ರಿ."

"ಆ ಹೊತ್ತಿನ್ಯಾಗ ಅದನ್ನ ನಡಸಾವ್ರ ಯಾರು?"

"ನಾನ ನಡಸ್ತೇನ್ರಿ. ಜೋಡಿ ಒಬ್ಬ ನೋಡಾವ ಇರತಾನ. ಆದ್ರ ಜವಾಬ್ದಾರಿ ನಂದ."

ಅವರು ಮಗನ ಕಡೆ ತಿರುಗಿದರು. "ನಿನ್ನ ಮೋಟರ್‌ಸೈಕಲ್ ಲೈಸನ್ಸ್ ಬಂತೇನೋ?"

ಮಾಸ್ತರ ನೆಲ ನೋಡುತ್ತ, "ಎಂಟ ಹಾಕೂದ್ರಾಗ ಕಾಲ ಊರಿದ್ನೆವ್ವಾ. ಮತ್ತ ಬಾ ಅಂದಾರ" ಎಂದ.

ಅವರು ನನ್ನ ಅಪ್ಪನಿಗೆ ಹೇಳಿದರು: "ನಮ್ಮದೇನೂ ಕೇಳೂದ ಉಳದಿಲ್ರಿ. ನಮ್ಮ ಹುಡುಗ ನಿಮ್ಮ ಹುಡುಗಿಗಿ ಪಾಸ್ ಆಗತಾನೋ ಇಲ್ಲೋ ಅದನ್ನ ಕೇಳಿ ಹೇಳ್ರಿ."

ಪಾಸಾದ. ಮೊದಲ ಪ್ರಯತ್ನದಲ್ಲೇ.

ಅಡುಗೆಯವನಿಲ್ಲದ ಹಡಗು

ಹಡಗು ಬಂದರು ಬಿಡಬೇಕಾದರೆ ಅದರಲ್ಲಿ ಯಾರ್ಯಾರು ಇರಲೇಬೇಕು ಎಂಬುದಕ್ಕೆ ನಿಯಮವಿದೆ. ಕ್ಯಾಪ್ಟನ್, ಮೇಟ್‌ಗಳು, ಎಂಜಿನಿಯರರು, ಜೊತೆಗೆ ಸರ್ಟಿಫಿಕೇಟು ಇರುವ ಅಡುಗೆಯವನು. ಒಮ್ಮೆ ಪರದೇಶದ ಬಂದರಿನಲ್ಲಿ ನಮ್ಮ ಅಡುಗೆಯವನಿಗೆ ಅಪೆಂಡಿಕ್ಸ್ ಎದ್ದಿತು. ಅವನನ್ನು ಆಸ್ಪತ್ರೆಗೆ ಸೇರಿಸಿದೆವು. ಪುಣ್ಯಕ್ಕೆ ಆರಾಮಾದ. ಆದರೆ ಹಡಗು ನಿಂತಿತು. ಬದಲಿ ಅಡುಗೆಯವನು ವಿಮಾನ ಹತ್ತಿ ಬರುವವರೆಗೆ ಬಿಡುವ ಹಾಗಿಲ್ಲ ಎಂದರು ಬಂದರಿನವರು. ನಾನಾಗ ಚೀಫ್ ಮೇಟ್. ಸರಕೆಲ್ಲ ತುಂಬಿ, ಹಗ್ಗ ಬಿಚ್ಚುವುದೊಂದು ಬಾಕಿ ಇತ್ತು.

ಆ ಹೊತ್ತಿಗೆ ಅವ್ವನ ಫೋನು. "ಎಲ್ಲೀ ತನಕ ಬಂದ್ರಿ?"

"ಎಲ್ಲೀತನಕಾನೂ ಇಲ್ಲವ್ವಾ. ಅಡಿಗಿಯಾವ ಇಲ್ಲ ಅಂತ ಹಡಗ ನಿಂದರಿಸ್ಯಾರ."

"ಅಷ್ಟ ದೊಡ್ಡ ಹಡಗ, ಒಂದ ಅನ್ನ ಸಾರಿಗಿ ನಿಂತೈತಿ? ನೀ ಇದ್ದೀಯಲ್ಲ, ಒಂದೀಟ ಕುಕ್ಕರ್ ಇಡಾಕ ಬರೂದಿಲ್ಲೇನು?"

"ಹಂಗ ನಡಿಯೂದಿಲ್ಲವ್ವಾ. ನನ್ನ ಕಡೆ ಹಡಗ ನಡಸೂ ಸರ್ಟಿಫಿಕೇಟ್ ಐತಿ, ಅಡಿಗಿದ ಇಲ್ಲ. ನಾ ಮಾಡಿದ್ದನ್ನ ಲೆಕ್ಕಕ್ಕ ಹಿಡಿಯೂದಿಲ್ಲ."

ಅವ್ವ ಅಡುಗೆಮನೆಯಿಂದಲೇ ಅಪ್ಪನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು: "ಏನ್ರಿ, ನಿಮ್ಮ ಮಗಳಿಗಿ ಅಡಿಗಿ ಬರೂದಿಲ್ಲ ಅಂತ ಪರದೇಶದಾಗೂ ಗೊತ್ತಾತ ನೋಡ್ರಿ."

ಅತ್ತೆಯ ತಪಾಸಣೆ

ಕ್ಯಾಪ್ಟನ್ ಆಗಿ ನಾನು ನಡೆಸಿದ ಮೊದಲ ಹಡಗು ನಮ್ಮದೇ ಕರಾವಳಿಯ ಬಂದರಿಗೆ ಬಂತು. ಕಂಪನಿಯವರು ಮನೆಯವರನ್ನು ಕರೆಸಿಕೊಳ್ಳಲು ಅನುಮತಿ ಕೊಟ್ಟರು. ಗಂಡ ಅತ್ತೆಯನ್ನು ಕರೆದುಕೊಂಡು ಬಂದ. ಅತ್ತೆ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ಯಾರ ಕೈಯನ್ನೂ ಹಿಡಿಯದೆ ಹಡಗಿನ ಏಣಿ ಹತ್ತಿದರು. ಮೇಲೆ ನಿಂತಿದ್ದ ಖಲಾಸಿ ಅವರ ಆಧಾರ್ ಕಾರ್ಡು ಕೇಳಿದ. ಹಡಗಿಗೆ ಯಾರು ಬಂದರೂ ಗುರುತು ನೋಡಿಯೇ ಬಿಡಬೇಕೆಂಬುದು ನನ್ನದೇ ಆಜ್ಞೆ. ಅತ್ತೆ ಕಾರ್ಡು ತೋರಿಸಿ, "ಚಲೋ ಇಟ್ಟಾಳ ಬಂದೋಬಸ್ತ" ಎಂದು ಮಗನಿಗೆ ಹೇಳಿದರು.

ನನ್ನ ದುರ್ದೈವಕ್ಕೆ ಅದೇ ದಿನ ತಪಾಸಣೆಯ ಅಧಿಕಾರಿಯೂ ಬಂದರು. ಎಲ್ಲರ ಅರ್ಹತೆ ಸರಿಯಿದೆಯೇ, ಇರಬೇಕಾದಷ್ಟು ಮಂದಿ ಇದ್ದಾರೆಯೇ ಎಂದು ನೋಡುವುದು ಅವರ ಕೆಲಸ. ಒಬ್ಬನದು ಅವಧಿ ಮೀರಿದ್ದರೂ ಹಡಗನ್ನು ತಡೆಹಿಡಿಯಬಹುದು. ಕ್ಯಾಪ್ಟನ್ ಆಗಿ ನನಗೆ ಅದು ಮೊದಲ ತಪಾಸಣೆ. ಅಧಿಕಾರಿ ಕರಾವಳಿಯವರು, ಐವತ್ತರ ಆಸುಪಾಸು, ತಲೆ ಪೂರ್ತಿ ಬೋಳು, ಮಾತು ಕಡಿಮೆ.

ನನ್ನ ಆಫೀಸಿನಲ್ಲಿ ಅವರು ಒಬ್ಬೊಬ್ಬರ ಸರ್ಟಿಫಿಕೇಟನ್ನೂ ದೀಪಕ್ಕೆ ಹಿಡಿದು ನೋಡತೊಡಗಿದರು. ಅತ್ತೆ ಮೂಲೆಯ ಸೋಫಾದಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದರು. ಚೀಫ್ ಎಂಜಿನಿಯರದು ಆಯಿತು. ಮೇಟ್‌ಗಳದು ಆಯಿತು. ಕೊನೆಗೆ ನನ್ನದನ್ನು ಎತ್ತಿಕೊಂಡು, ಅದರ ಫೋಟೋ ನೋಡಿ, ನನ್ನ ಮುಖ ನೋಡಿ, ಮತ್ತೆ ಫೋಟೋ ನೋಡಿದರು.

ಅಷ್ಟರಲ್ಲಿ ಅತ್ತೆ ಬಹಳ ಮರ್ಯಾದೆಯಿಂದ ಮಾತಾಡಿದರು. "ಸಾಹೇಬ್ರ, ಎಲ್ಲಾರದೂ ನೋಡಿದ್ರಿ. ನಿಮ್ದ ಎಲ್ಲೈತ್ರಿ?"

ಗಂಡ ಅವರ ಸೆರಗು ಜಗ್ಗಿದ.

"ಏನಮ್ಮ?" ಎಂದರು ಅಧಿಕಾರಿ.

"ನಿಮ್ಮ ಕಾಗದ್ರಿ. ನನಗೂ ಕೇಳಿದ್ರು, ನಾ ತೋರಿಸೇನಿ. ಈ ಹಡಗದಾಗ ಹಂಗ ರಿವಾಜ ಐತಿ."

ಅಧಿಕಾರಿ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಜೇಬಿನಿಂದ ತಮ್ಮ ಗುರುತಿನ ಚೀಟಿ ತೆಗೆದು, ಎದ್ದು ಹೋಗಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಅವರ ಹಾಗೆಯೇ ದೀಪಕ್ಕೆ ಹಿಡಿದರು. ಚೀಟಿ ನೋಡಿದರು. ಅಧಿಕಾರಿಯ ತಲೆ ನೋಡಿದರು. ಮತ್ತೆ ಚೀಟಿ ನೋಡಿದರು.

"ಇವ್ರ ಯಾರ್ರಿ?"

"ನಾನೇ ಅಮ್ಮ."

"ಇವ್ರಿಗಿ ಕೂದಲ ಅದಾವಲ್ರಿ."

ಪಕ್ಕದಲ್ಲಿದ್ದ ಚೀಫ್ ಎಂಜಿನಿಯರ್ ಗೋಡೆ ಕಡೆ ತಿರುಗಿ ನಿಂತುಬಿಟ್ಟರು, ಅವರ ಭುಜ ಮಾತ್ರ ಅಲುಗುತ್ತಿತ್ತು. ಅಧಿಕಾರಿ ತಲೆ ಸವರಿಕೊಂಡು, "ಆಗ ಇತ್ತಮ್ಮ, ಹೊಸದಾಗಿ ಮದುವೆಯಾಗಿತ್ತು" ಎಂದು ಹೇಳಿ ತಾವೇ ಮೊದಲು ನಕ್ಕರು. ಆಮೇಲೆ ತಪಾಸಣೆಯ ಕಾಗದಕ್ಕೆ ಸಹಿ ಮಾಡಿ ನನಗೆ ಕೊಟ್ಟರು. "ನಿಮ್ಮದೆಲ್ಲ ಸರಿಯಿದೆ ಕ್ಯಾಪ್ಟನ್. ಈ ಹಡಗಿನಲ್ಲಿ ಸಿಕ್ಕ ಕೊರತೆ ಒಂದೇ, ಅದು ನನ್ನ ಫೋಟೋ."

ಅತ್ತೆ ಅವರಿಗೆ ಹೋಳಿಗೆ ಕೊಟ್ಟು, ತುಪ್ಪ ಹಾಕಿ ತಿನ್ನಿಸಿ, ಏಣಿಯವರೆಗೂ ಕಳಿಸಲು ಬಂದರು. ಅಧಿಕಾರಿ ಕೆಳಗಿಳಿದು ಕೈ ಮುಗಿದಾಗ ಅತ್ತೆ ಮೇಲಿನಿಂದ ಹೇಳಿದರು:

"ಇನ್ನೊಮ್ಮೆ ಬರೂ ಮುಂದ ಹೊಸಾ ಫೋಟೋ ಹಚ್ಚಿಸ್ಕೊಂಡ ಬರ್ರಿ ಸಾಹೇಬ್ರ. ನಾ ಏನೋ ಬಿಟ್ಟೆ, ನಮ್ಮ ಸೊಸಿ ಭಾಳ ಕಟ್ಟುನಿಟ್ಟ ಅದಾಳ, ಹತ್ತಗೊಡೂದಿಲ್ಲ."