ನಾದಿನಿಯ ನಲವತ್ತು ವಾರ

ಹಿದುಕಿದಬೇಳೆ ಸಾರು ಉಣ್ಣಲು ಹತ್ತು ನಿಮಿಷ ಸಾಕು. ಬೇಳೆ ಹಿದುಕಲು ಒಂದು ಮಧ್ಯಾಹ್ನವೇ ಬೇಕು. ಮೊನ್ನೆ ನಾನೂ ನನ್ನ ನಾದಿನಿಯೂ ನಡುಮನೆಯಲ್ಲಿ ಹಳೇ ಪೇಪರ್ ಹಾಸಿಕೊಂಡು, ನೆನೆದ ಅವರೆಕಾಳಿನ ಪಾತ್ರೆಯನ್ನು ಮಧ್ಯೆ ಇಟ್ಟುಕೊಂಡು ಹಿದುಕುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಅವಳ ಕೈ ಒದ್ದೆಯಿತ್ತು. ನಾನೇ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. ಕೊರಿಯರ್ ಆಫೀಸಿನವರು. "ನಿಮ್ಮ ಪಾರ್ಸೆಲ್ ಬಂದೈತೆ ಮೇಡಂ, ಬಂದು ತಗೊಂಡೋಗಿ" ಎಂದರು.

ಬಂದೇಬಿಟ್ಟಿತು! ನಲವತ್ತು ವಾರ, ಅದರ ಮೇಲೆ ಇನ್ನೆರಡು ವಾರ! ಹೆತ್ತ ತಾಯಂದಿರೇ, ನೀವು ಹೊತ್ತದ್ದು ನಲವತ್ತೇ ತಾನೇ? ನನ್ನ ನಾದಿನಿ ಮದುವೆಯಾಗದೆಯೇ ನಿಮ್ಮನ್ನು ಎರಡು ವಾರಗಳ ಅಂತರದಲ್ಲಿ ಸೋಲಿಸಿದ್ದಾಳೆ. ಗಾಬರಿಯಾಗಬೇಡಿ. ಅವಳು ಕಾದದ್ದು ಕೂಸಿಗಲ್ಲ, ಕಡಲೆಬೇಳೆ ಗಾತ್ರದ ಕಪ್ಪು ಐಸಿಗಳಿಗೆ, ಯಂತ್ರದ ಬೋರ್ಡಿಗೆ ಬೆಸೆಯುವ ಚಿಪ್ಪುಗಳಿಗೆ.

ಇಡೀ ವಿದ್ಯಾರಣ್ಯಪುರಂನಲ್ಲಿ ಬದನೆಕಾಯಿಯ ಜಾತಕ ಕೇಳುವ ಹೆಂಗಸು ಇವಳೊಬ್ಬಳೇ. ಗಾಡಿಯವನು ಮನೆ ಮುಂದೆ ನಿಂತರೆ ಸಾಕು: "ಯಾವತ್ತು ಕಿತ್ತಿದ್ದು? ಯಾವ ತೋಟದ್ದು? ನಿಮಗೆ ಕೊಟ್ಟೋರ್ಯಾರು? ಅವ್ರಿಗೆ ಕೊಟ್ಟೋರ್ಯಾರು?" ಒಂದು ದಿನ ಅವನು ತಕ್ಕಡಿ ಕೆಳಗಿಟ್ಟು ಕೈ ಮುಗಿದುಬಿಟ್ಟ. "ಅಮ್ಮಾ, ನನ್ನ ಮಗಳಿಗೆ ಗಂಡು ನೋಡ್ದಾಗ್ಲೂ ನಾನಿಷ್ಟು ಕೇಳ್ನಿಲ್ಲ ಕಣಮ್ಮ!"

"ಕೇಳ್ಬೇಕಿತ್ತು" ಎಂದಳು ಇವಳು.

ತಪ್ಪು ಅವಳದಲ್ಲ, ಅವಳ ಕಸುಬಿನದು. ನಮ್ಮ ಮನೆಯ ಮಹಡಿಯ ಮೇಲೆ ಆರು ಮೇಜು ಹಾಕಿಕೊಂಡು, ಐದು ಜನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಸರ್ಕಿಟ್ ಬೋರ್ಡುಗಳಿಗೆ ಬಿಡಿಭಾಗ ಕೂರಿಸಿ ಬೆಸುಗೆ ಹಾಕಿಕೊಡುತ್ತಾಳೆ. ನನಗೆ ಅದರ ತಲೆಬುಡ ತಿಳಿಯದು. ತಿಳಿದದ್ದು ಇಷ್ಟು: ಅದೂ ಮದುವೆಮನೆ ಅಡುಗೆಯ ಹಾಗೆ. ಸಾಮಾನು ನೀವೇ ತಂದುಕೊಟ್ಟು ಭಟ್ಟರಿಗೆ ಬರೀ ಕೈಕೂಲಿ ಕೊಡಬಹುದು. ಇಲ್ಲವೇ ಉಪ್ಪಿನಿಂದ ಹಿಡಿದು ಎಲೆಯವರೆಗೆ ಎಲ್ಲ ಅವರಿಗೇ ವಹಿಸಿಬಿಡಬಹುದು. ಮೊದಮೊದಲು ಇವಳು ಗಿರಾಕಿಗಳೇ ತಂದ ಸಾಮಾನಿನಲ್ಲಿ ಕೆಲಸ ಮಾಡುತ್ತಿದ್ದಳು. ಮಂಡಿ ಮೊಹಲ್ಲಾದಿಂದ ಒಬ್ಬರು ಇನ್ನೂರು ಬೋರ್ಡಿಗೆ ಬೇಕಾದದ್ದನ್ನು ಬಾಳೆಕಾಯಿ ಚಿಪ್ಸ್ ಕವರಿನಲ್ಲಿ ತುಂಬಿಕೊಂಡು ಬಂದರು. ಎಣಿಸಿದರೆ ಒಂದು ಭಾಗ ಹನ್ನೊಂದು ಕಡಿಮೆ.

"ಏನಾದ್ರೂ ಅಡ್ಜಸ್ಟ್ ಮಾಡ್ಕೊಳಿ ಮೇಡಂ" ಎಂದರು ಅವರು.

"ಆಗ್ಲಿ. ನಿಮ್ಮನೆ ಮದುವೇಲಿ ಹನ್ನೊಂದು ಜನಕ್ಕೆ ಎಲೆ ಹಾಕಿ, ಅನ್ನ ಮಾತ್ರ ಬಡಿಸ್ಬೇಡಿ. ಅವರು ಅಡ್ಜಸ್ಟ್ ಮಾಡ್ಕೊಂಡ್ರೆ ನಾನೂ ಮಾಡ್ಕೊತೀನಿ."

ಅಂದಿನಿಂದ ಸಾಮಾನೆಲ್ಲ ತಾನೇ ಕೊಳ್ಳುವುದು ಎಂದಾಯಿತು. ಅಂದಿನಿಂದ ನಮ್ಮ ನೆಮ್ಮದಿಯೂ ಹೋಯಿತು! ಪೇಟೆಯಲ್ಲಿ ಹಳೇ ಐಸಿಯ ಹೆಸರು ಉಜ್ಜಿ, ಮೇಲೆ ಹೊಸ ಹೆಸರು ಬರೆದು ಮಾರುವವರೂ ಇದ್ದಾರಂತೆ. ಅದಕ್ಕೆ ಇವಳ ಮದ್ದು ನೇಲ್ ಪಾಲಿಶ್ ಒರೆಸುವ ಸೀಸೆ ಮತ್ತು ಒಂದು ತುಂಡು ಹತ್ತಿ. ಹತ್ತಿಗೆ ಅಕ್ಷರ ಅಂಟಿದರೆ ಮಾಲು ವಾಪಸ್. ಹತ್ತಿ ಐಸಿಗೇ ನಿಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನೆಂಟರು ಕೊಟ್ಟ ಬೆಳ್ಳಿ ಭರಣಿಯನ್ನು ಅವರೆದುರೇ ಒರೆಸಿ ನೋಡಿದಳು. ನಮ್ಮ ಯಜಮಾನರು ಹೊಸದಾಗಿ ಮೀಸೆಗೆ ಬಣ್ಣ ಹಾಕಿಕೊಂಡು ಹೊರಟ ದಿನ ಬಾಗಿಲಲ್ಲಿ ಹತ್ತಿ ಹಿಡಿದು ನಿಂತಿದ್ದಳು.

"ಅಣ್ಣ, ಒಂಚೂರು ಈ ಕಡೆ ತಿರುಗು. ಯಾವ ವರ್ಷದ ಮಾಲು ಅಂತ ನೋಡ್ಬುಡ್ತೀನಿ."

ಹೋದ ಯುಗಾದಿಯ ಹೊತ್ತಿಗೆ ಇಲವಾಲದ ಕಡೆಯ ಒಬ್ಬ ಕಾರ್ಖಾನೆ ಯಜಮಾನರು ಬಂದರು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಯಂತ್ರಕ್ಕೆ ಬೋರ್ಡು ಬೇಕಿತ್ತು. ಇವಳಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ಆಗ ಕೈಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ಆದರೆ ಕೂಸಿಗೆ ಎಷ್ಟು ಕಾವು ಬೇಕೆಂದು ನೋಡಿಕೊಳ್ಳುವ ಆ ಒಂದು ಐಸಿ, ತಯಾರಿಸುವವರ ಕಡೆಯಿಂದ ಬರಲು ನಲವತ್ತು ವಾರವಂತೆ. ಪೇಟೆಯಲ್ಲಾದರೆ ನಾಳೆಯೇ ಸಿಗುತ್ತಿತ್ತು. ತರಿಸಿದಳು, ಒರೆಸಿದಳು. ಹತ್ತಿ ಕಪ್ಪಾಯಿತು.

ನಾನು ಸುಮ್ಮನಿರಬಾರದೇ? "ಹುಣಸೆಹಣ್ಣು ಇಲ್ದಿದ್ರೆ ಟೊಮೇಟೊ ಹಾಕಲ್ವೇನೇ? ಹಂಗೇ ಬೇರೆ ಯಾವುದಾದ್ರೂ ಹಾಕ್ಬುಡು" ಎಂದೆ.

"ಅತ್ತಿಗೆ, ಟೊಮೇಟೊ ನಾನು ಟೊಮೇಟೊ ಅಂತ ಹೇಳ್ಕೊಂಡು ಬಂದ್ರೆ ಯೋಚ್ನೆ ಮಾಡ್ಬೋದು. ಇದು ಮೈಮೇಲೆ ಹುಣಸೆಹಣ್ಣು ಅಂತ ಬರೆಸ್ಕೊಂಡು ಬಂದಿದೆ!"

ಇಲವಾಲದವರು ಒಳ್ಳೆಯವರು. "ಸಂಕ್ರಾಂತಿಗಂಟ ಕಾಯ್ತೀನಿ ಕಣ್ರೀ. ಆಮೇಲೆ ಬೇರೆಯವರಿಗೆ ಕೊಡ್ಬೇಕಾಯ್ತದೆ" ಎಂದು ಹೋದರು. ಹೆಣ್ಣುಮಕ್ಕಳು, ಐಸಿ ಬಂದ ಮರುದಿನವೇ ಬರುತ್ತೇವೆ ಎಂದು ಹೇಳಿ, ಸದ್ಯಕ್ಕೆ ಬೇರೆ ಕೆಲಸ ಹಿಡಿದರು. "ಸಂಕ್ರಾಂತಿಗೂ ಬರ್ಲಿಲ್ಲಾಂದ್ರೆ ಮಹಡಿ ಬಾಡಿಗೆಗೆ ಕೊಡೋಣ" ಎಂದರು ನಮ್ಮ ಯಜಮಾನರು. ಮೇಲೆ ಬೀಗ ಬಿತ್ತು. ಹದಿನೆಂಟು ವರ್ಷ ಮಹಡಿಯ ಮೇಲೆಯೇ ಇದ್ದ ನಾದಿನಿ ನನ್ನ ಅಡುಗೆಮನೆಗೆ ಇಳಿದು ಬಂದಳು.

ಬಂದವಳು ಸುಮ್ಮನೆ ಕೂರುವವಳೇ? ಮೊದಲ ವಾರವೇ ನನ್ನ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿತು. ಸಾಸಿವೆ: ಬಂದ ದಿನ, ಬಂದ ಅಂಗಡಿ, ಮೊದಲು ಬಂದದ್ದು ಮೊದಲು ಖರ್ಚಾಗತಕ್ಕದ್ದು. ಹಪ್ಪಳದ ಡಬ್ಬಿಯಲ್ಲಿ ತೇವ ಹೀರುವ ಪೊಟ್ಟಣ ಕೂತಿತು. ಅಕ್ಕಿಯ ಕಲ್ಲನ್ನು ಚಿಮಟದಲ್ಲಿ ಎತ್ತುತ್ತಿದ್ದಳು! "ಸಾರಿಗೆ ಉಪ್ಪು ಎಷ್ಟು ಹಾಕ್ತೀರಿ ಅತ್ತಿಗೆ?" ಎಂದು ಕೇಳಿದಳೊಮ್ಮೆ. "ಕೈಯಲ್ಲಿ ಬಂದಷ್ಟು" ಎಂದೆ. ಅವಳು ನನ್ನ ಕೈಯನ್ನೇ ಹಿಡಿದು, ತಿರುಗಿಸಿ, ದೀರ್ಘವಾಗಿ ನೋಡಿದಳು. ನಂಬಲರ್ಹ ಕಡೆಯಿಂದ ಬಂದ ಮಾಲು ಎಂದು ತೀರ್ಮಾನಿಸಿದಳೋ ಏನೋ, ಉಪ್ಪಿನ ತಂಟೆಗೆ ಮತ್ತೆ ಬರಲಿಲ್ಲ.

ನಮಗೆ ಶಿವ ಮಕ್ಕಳ ಫಲ ಕೊಡಲಿಲ್ಲ. ಆದರೂ ಅವನು ತೀರಾ ಜಿಪುಣನಲ್ಲ. ಜಗಳವಾಡಲು ನಾದಿನಿಯನ್ನು ಕೊಟ್ಟ, ಅದೂ ಮಹಡಿ ಮೇಲೆ ಇದ್ದವಳನ್ನು ನಾನು ಬೇಡಿಕೊಳ್ಳದೆಯೇ ಕೆಳಗೆ ಕಳಿಸಿದ. ಮೂರು ಗಂಟೆಯ ಕಾಫಿಗೆ ಎರಡು ಲೋಟ ತೊಳೆಯುವುದು ಎಷ್ಟು ದೊಡ್ಡ ಭಾಗ್ಯ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ನಾನು ವಿಭೂತಿ ಧರಿಸಿ ಪೂಜೆಗೆ ಕೂತರೆ ಅವಳು ಹೂ ಬಿಡಿಸುತ್ತಾ ಲೋಕಾಭಿರಾಮ ಮಾತಾಡುತ್ತಿದ್ದಳು. ಅರ್ಧ ಮಂತ್ರ ತಪ್ಪುತ್ತಿತ್ತು. ತಪ್ಪಲಿ ಎನ್ನಿಸುತ್ತಿತ್ತು.

ಕಾರ್ತಿಕ ಸೋಮವಾರ ಇಬ್ಬರೂ ನಂಜನಗೂಡಿಗೆ ಹೋದೆವು. ಐಸಿ ಬೇಗ ಬರಲಿ ಎಂದು ಕೇಳಿಕೊಳ್ಳಲೆಂದೇ ಹೋದದ್ದು. ಅವಳೋ, ಅಷ್ಟು ದೊಡ್ಡ ಗುಡಿಯಲ್ಲಿ ಉರಿಯದ ಒಂದು ಬಲ್ಬನ್ನು ಕತ್ತೆತ್ತಿ ನೋಡುತ್ತಾ ನಿಂತಿದ್ದಳು. ನಾನು ಕಣ್ಣು ಮುಚ್ಚಿ, "ತಂದೇ, ಬೇಗ ಬರಲಿ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಹಾಳು ಮನಸ್ಸು, "ಒಂದೇ ಒಂದು ವಾರ ತಡವಾದರೂ ನಡೆಯುತ್ತೆ" ಎಂದುಬಿಟ್ಟಿತು! ಗಟ್ಟಿಯಾಗಿ ಕೆನ್ನೆ ಬಡಿದುಕೊಂಡೆ.

ಮರುದಿನವೇ ಅವಳಿಗೆ ಸಂದೇಶ ಬಂತು: ಮಾಲು ಇನ್ನೂ ಎರಡು ವಾರ ತಡ. ಶಿವ ಇಷ್ಟು ಚುರುಕಾಗಿ ಕಿವಿಗೊಡುತ್ತಾನೆಂದು ಗೊತ್ತಿದ್ದರೆ ನನ್ನ ಮೊಣಕಾಲಿನ ವಿಷಯವನ್ನಾದರೂ ಹೇಳಿಕೊಳ್ಳುತ್ತಿದ್ದೆನಲ್ಲ! ನಗೆಯ ಮಾತು ಬಿಡಿ. ಸಂಕ್ರಾಂತಿ ಹತ್ತಿರ ಬಂದಂತೆಲ್ಲ ದಿನಕ್ಕೆ ನಾಲ್ಕು ಸಲ ಕ್ಯಾಲೆಂಡರ್ ನೋಡುತ್ತಿದ್ದೆ. ಹದಿನೆಂಟು ವರ್ಷದ ಅವಳ ಬಾಳುವೆಯನ್ನು ಮಧ್ಯಾಹ್ನದ ಒಂದು ಲೋಟ ಕಾಫಿಗೆ ಮಾರಿಬಿಟ್ಟೆನೇ?

ಇಷ್ಟೆಲ್ಲ ಆದ ಮೇಲೆ, ಹಬ್ಬಕ್ಕೆ ಇನ್ನು ಐದು ದಿನ ಇರುವಾಗ ಮೊನ್ನೆ ಬಂದದ್ದು ಈ ಫೋನು. "ಬಂತು ಕಣೇ! ಏಳು, ಹೊರಡು!" ಎಂದು ಕೂಗಿದೆ. ಹಾರಿ ಏಳುತ್ತಾಳೆ ಎಂದುಕೊಂಡಿದ್ದೆ. ಅವಳು ಏಳಲಿಲ್ಲ.

"ಕೊರಿಯರ್ ಆಫೀಸು ಆರು ಗಂಟೆವರ್ಗೂ ಇರುತ್ತೆ ಅತ್ತಿಗೆ. ಇಷ್ಟು ಮುಗೀಲಿ."

ಒಂದು ಸಲಕ್ಕೆ ನಾಲ್ಕು ಕಾಳು ಹಿದುಕುವವಳು ಈಗ ಒಂದೊಂದೇ ಹಿದುಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ತಡ ಆಗಿದ್ದು ನನ್ನಿಂದ್ಲೇ ಕಣೇ. ನಂಜನಗೂಡಲ್ಲಿ ಒಂದು ವಾರ ತಡ ಆಗ್ಲಿ ಅಂತ ಕೇಳ್ಕೊಂಬುಟ್ಟೆ" ಎಂದು ಹೇಳಿಬಿಟ್ಟೆ.

ಅವಳು ತಲೆ ಎತ್ತಲಿಲ್ಲ. "ನೀವು ಕೇಳಿದ್ದು ಒಂದು ವಾರ ತಾನೆ?"

"ಹೂಂ."

"ಬಂದಿದ್ದು ಎರಡು. ಇನ್ನೊಂದು ಯಾರು ಕೇಳಿದ್ದು ಅಂದ್ಕೊಂಡ್ರಿ? ಆ ಬಲ್ಬಾ?"

ಇಬ್ಬರೂ ನಗಲು ಶುರುಮಾಡಿದೆವು. ನಗು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ. ಪಾತ್ರೆಯ ತಳ ಕಂಡಿತು. ಅವಳು ನೀರಿನಲ್ಲಿ ಬೆರಳಾಡಿಸಿ, ಉಳಿದಿದ್ದ ಕೊನೆಯ ಕಾಳನ್ನೂ ಹುಡುಕಿ ಹಿದುಕಿದಳು. ಕೈ ತೊಳೆದು, ಸ್ಕೂಟರಿನ ಕೀಲಿ ತೆಗೆದುಕೊಂಡು, ಚೀಲದಲ್ಲಿ ಹತ್ತಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಹೊರಟಳು.

ನಾನು ಸಿಪ್ಪೆಯನ್ನು ಪೇಪರ್ ಸಮೇತ ಮಡಿಸಿ ಹೊರಗಿಟ್ಟೆ. ನಾಳೆ ಬೆಳಗ್ಗೆ ಒಂಬತ್ತಕ್ಕೆಲ್ಲ ಹೆಣ್ಣುಮಕ್ಕಳು ಬಂದುಬಿಡುತ್ತಾರೆ. ನಲವತ್ತೆರಡು ವಾರದ ಧೂಳು ಸುಮ್ಮನೆ ಹೋದೀತೇ? ಪೊರಕೆ, ಬಕೆಟ್ಟು, ಒದ್ದೆ ಬಟ್ಟೆ ತೆಗೆದುಕೊಂಡು ಮಹಡಿ ಹತ್ತಿ ಬೀಗ ತೆಗೆದೆ. ಕಿಟಕಿಯ ಪಕ್ಕದ ಅವಳ ಮೇಜಿನಿಂದಲೇ ಒರೆಸಲು ಶುರುಮಾಡಿದೆ.