ಬಿಸಿಲಿಗಿಟ್ಟ ನೀರು

ಆ ದಿನ ನಂಜುಂಡ ಗಡ್ಡ ಮಾಡಿಸಿಕೊಳ್ಳಲು ಹೋಗದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಆನೇಮಹಲ್ ಬಳಿಯ ಅವನ ಮನೆಯ ಮುಂದೆ, ಕಾಫಿ ಒಣಗಿಸುವ ಕಣದಲ್ಲಿ, ಹಾಸನದ ಕಾಲೇಜೊಂದರಿಂದ ಬಂದ ಹೇಮಶ್ರೀ ಮೇಡಂ ಹಳ್ಳದ ನೀರು ತುಂಬಿದ ನಾಲ್ಕು ಗಾಜಿನ ತೊಟ್ಟಿ ಇಟ್ಟಿದ್ದರು. ಮೇಲಿನ ಕೋಳಿ ಫಾರಂನವರು ಕೋಳಿಗೆ ಹಾಕುವ ಆ್ಯಂಟಿಬಯೋಟಿಕ್ ಔಷಧಿ ಹಿಕ್ಕೆಯ ಜೊತೆ ಹಳ್ಳಕ್ಕೆ ಇಳಿಯುತ್ತಿತ್ತು. ಅಂಥ ನೀರಿನಲ್ಲಿ ರೋಗಾಣುಗಳು ಔಷಧಿಗೆ ಪಳಗಿಬಿಡುತ್ತವೆ, ಆಮೇಲೆ ಜ್ವರಕ್ಕೆ ಯಾವ ಮಾತ್ರೆಯೂ ನಾಟುವುದಿಲ್ಲ ಎಂದು ಮೇಡಂ ಹೇಳಿದ್ದರು. ತೊಟ್ಟಿಯ ತಳಕ್ಕೆ ಬಿಳಿ ಪುಡಿ ಬಳಿದಿತ್ತು. ನ್ಯಾನೋ ಪುಡಿ, ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣದು. ಬಿಸಿಲು ಬಿದ್ದರೆ ಎಚ್ಚೆತ್ತು ನೀರಿನಲ್ಲಿರುವ ಔಷಧಿಯನ್ನು ಒಡೆದುಹಾಕುತ್ತದೆ. ನೆರಳಾದರೆ ಮಧ್ಯಾಹ್ನ ಉಂಡ ಗಂಡಸರಂತೆ ಮಲಗಿಬಿಡುತ್ತದೆ.

ಅದನ್ನು ಕಾಯುವವನು ನಂಜುಂಡ. ಮೊಣಕಾಲು ಹೋಗಿ ತೋಟದ ಇಳಿಜಾರು ಹತ್ತಲಾಗದವನಿಗೆ ಕುರ್ಚಿಯ ಮೇಲೆ ಕೂರುವ ಕೆಲಸ ಸಿಕ್ಕಿತ್ತು. ಇವತ್ತಿನ ಪರೀಕ್ಷೆ ಸರಿಬಂದರೆ ಕೆಲಸ ಕಾಯಂ, ಸಂಜೆ ಫೋಟೋ.

ಫೋಟೋಕ್ಕೆಂದೇ ಅವನು ಹತ್ತು ನಿಮಿಷದಲ್ಲಿ ಬರುತ್ತೇನೆಂದು ಕ್ಷೌರದಂಗಡಿಗೆ ಹೋದದ್ದು. ಅಲ್ಲಿ ಕೂತವರು ನ್ಯಾನೋ ಎಂದರೇನು ಎಂದು ಕೇಳಿದರು. ಮುಖಕ್ಕೆ ಸೋಪು ಹಚ್ಚಿಸಿಕೊಂಡೇ ವಿವರಿಸಿದ. ಸೋಪು ಒಣಗಿತು. ಮತ್ತೆ ಹಚ್ಚಿದರು, ಮತ್ತೆ ವಿವರಿಸಿದ. ಮನೆಗೆ ಬಂದಾಗ ಮೂರು ಗಂಟೆ.

ತೊಟ್ಟಿಗಳ ಮೇಲೆ ನೀಲಿ ಟಾರ್ಪಾಲು ಹೊದೆಸಿತ್ತು. ನಾಲ್ಕು ಮೂಲೆಗೂ ಕಲ್ಲು.

"ಹನ್ನೊಂದಕ್ಕೇ ಮೋಡ ಮುಚ್ಕಂಬುಡ್ತು ಕಣೋ" ಎಂದಳು ಪಕ್ಕದ ಮನೆಯ ಭದ್ರಮ್ಮ, ಹೊಗಳಿಕೆಗೆ ಕಾಯುತ್ತಾ. "ನಿನ್ ನೀರು ನೆಂದೋಗ್ಬುಟ್ಟಾತು ಅಂತ ಓಡ್ಬಂದು ಮುಚ್ದೆ."

ಮೋಡ ಅರ್ಧ ಗಂಟೆಯಲ್ಲಿ ಚೆದುರಿತ್ತು. ಆದರೆ ಆ ಕಡೆಯ ಪದ್ಧತಿಯೇ ಹಾಗೆ. ಮೋಡ ಕಂಡರೆ ಯಾರ ಕಣವಾದರೂ ಓಡಿ ಮುಚ್ಚುತ್ತಾರೆ. ತೆಗೆಯುವುದು ಮಾತ್ರ ಕಣದ ಯಜಮಾನನೇ.

ನಾಲ್ಕಕ್ಕೆ ಮೇಡಂ ಬರುತ್ತಾರೆ. ನಂಜುಂಡ ಅಕ್ಕಪಕ್ಕದವರೆಲ್ಲ ಒಳಗೆ ಹೋಗುವವರೆಗೆ ಕಾದ. ಟಾರ್ಪಾಲು ತೆಗೆದು, ತೊಟ್ಟಿಗಳ ನೀರನ್ನು ಚರಂಡಿಗೆ ಚೆಲ್ಲಿ, ಹಿತ್ತಲಿನ ಬಾವಿಯಿಂದ ಸೇದಿ ತುಂಬಿಸಿದ. ಇಡೀ ಸಾಲು ಮನೆಗಳು ಕುಡಿಯುವ ನೀರು, ಎಳನೀರಿನಂಥದ್ದು. ಇದು ಪಾಸಾಗದೆ ಇನ್ಯಾವುದು ಆದೀತು?

ಮೇಡಂ ಬಂದು, ಹಾಲಿನ ಡೈರಿಯಲ್ಲಿ ಅದ್ದುವಂಥ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿದರು. ಕೆಂಪು ಗೆರೆ ಮೂಡಿದರೆ ನೀರು ಚೊಕ್ಕ. ಎಲ್ಲರೂ ಬಗ್ಗಿ ನೋಡಿದರು. ಹತ್ತು ನಿಮಿಷವಾದರೂ ಗೆರೆ ಮೂಡಲಿಲ್ಲ.

"ಔಷಧಿ ಹಾಗೇ ಇದೆ" ಎಂದರು ಮೇಡಂ, ಸಣ್ಣ ದನಿಯಲ್ಲಿ. "ಪುಡಿ ಕೆಲಸ ಮಾಡಿಲ್ಲ."

ನಂಜುಂಡ ಹಿತ್ತಲಿನ ಬಾವಿಯ ಕಡೆ ತಿರುಗಿದ. ಹೋದ ವರ್ಷ ತೋಟಕ್ಕೆಂದು ಅದೇ ಫಾರಂನಿಂದ ತರಿಸಿದ ಎರಡು ಲೋಡು ಕೋಳಿ ಗೊಬ್ಬರವನ್ನು ಅವನೇ ಬಾವಿಯ ಮೇಲಿನ ದಿಬ್ಬದಲ್ಲಿ ಸುರಿಸಿದ್ದ. ಒಂದು ಮಳೆಗಾಲವಿಡೀ ಅದು ಅಲ್ಲೇ ಕರಗಿ ಕೆಳಗಿಳಿದಿತ್ತು.

ಅಷ್ಟರಲ್ಲಿ ಭದ್ರಮ್ಮ ಮುಂದೆ ಬಂದಳು. "ತಪ್ಪು ನಂದೇ ಕಣವ್ವ. ಹನ್ನೊಂದ್ರಿಂದ ಮುಚ್ಬುಟ್ಟಿದ್ದೆ."

ಮೇಡಂ ಮುಖ ಅರಳಿತು. ಬಿಸಿಲಿಲ್ಲದೆ ಪುಡಿ ಕೆಲಸ ಮಾಡುವುದೇ ಇಲ್ಲ, ಒಂದು ದಿನ ಮುಚ್ಚಿಟ್ಟು ನೋಡುವುದೂ ಬಾಕಿಯಿತ್ತು, ಒಳ್ಳೆಯದೇ ಆಯಿತು ಎಂದರು. ನಂಜುಂಡನ ಕಡೆ ತಿರುಗಿ, ನಾಳೆಯಿಂದ ನೀವು ಕಾಯಂ ಅಂದುಕೊಳ್ಳಿ ಎಂದರು.

ಎಲ್ಲರೂ ನಕ್ಕರು. ಅವನೂ ನಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಅವನ ಹೆಂಡತಿ ಜಗದಾಂಬ ಖುಷಿಯಿಂದ ಬೆಲ್ಲ, ಒಂದು ಲೋಟ ನೀರು ತಂದಳು. ಮೇಡಂ ಲೋಟ ಎತ್ತಿದರು.

"ಕುಡೀಬೇಡಿ ಮೇಡಂ" ಎಂದ ನಂಜುಂಡ, ನೆಲ ನೋಡುತ್ತಾ. "ತೊಟ್ಟೀಲಿರೋದೂ ಇದೇ ಬಾವಿ ನೀರು. ಹಳ್ಳದ್ದು ನಾನು ಚೆಲ್ಬುಟ್ಟೆ."

ಜಗದಾಂಬ ಮೇಡಂ ಕೈಯಿಂದ ಲೋಟ ಇಸಿದುಕೊಂಡು ಒಳಗೆ ಹೋದಳು.

ಈಗ ತೊಟ್ಟಿಗಳು ಬಾವಿಯ ನೀರನ್ನೇ ತುಂಬಿಕೊಂಡು ಅವನ ಬಾವಿಯ ಪಕ್ಕದಲ್ಲೇ ಇವೆ. ಕಾಯುವ ಕೆಲಸ ಭದ್ರಮ್ಮನದು. ಆದದ್ದನ್ನು ಆದ ಹಾಗೆ ಮೊದಲು ಹೇಳಿದವಳು ಅವಳು ಎಂದು ಮೇಡಂ ಅಂದರಂತೆ. ಅವಳೇನು ಆ ಕೆಲಸ ಬೇಡಿದವಳಲ್ಲ. ನಂಜುಂಡ ಕುಡಿಯುವ ನೀರಿಗೆ ರಸ್ತೆಯಾಚೆಯ ದಿಬ್ಬ ಹತ್ತಿ ನಲ್ಲಿಗೆ ಹೋಗುತ್ತಾನೆ. ಬರುವಾಗ ಬಾವಿಯ ಹತ್ತಿರ ಕೊಡ ಇಳಿಸಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಏನೋ ಹೇಳಬೇಕೆನ್ನುವವನಂತೆ.

ಭದ್ರಮ್ಮ ಕುರ್ಚಿಯಿಂದ ಮೆಲ್ಲಗೆ ಹೇಳುತ್ತಾಳೆ: "ಒಂಚೂರು ಆ ಕಡೀಕೆ ನಿಂತ್ಕಳೋ ನಂಜುಂಡ. ನೆರಳು ಬೀಳ್ತೈತೆ."